ಕಣ್ಣು ಹಚ್ಚುವ ಸ್ಟುಡಿಯೋದ ಡಿ ಡ್ರೈವ್

ಕಂಪ್ಯೂಟರ್ ರಿಪೇರಿಯ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮನೆಗೆ ಬಂದಾಗ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಆಗ ಯಾವ ಸಾಫ್ಟ್‌ವೇರ್ ಬಳಸುತ್ತಿದ್ದಿರಿ? ಹೆಸರು ಹೇಳಿದರೆ ನಗುತ್ತಾರೆ. ನಗಲಿ. ಸುತ್ತಿಗೆ ಯಾರ ಹತ್ತಿರವಾದರೂ ಸಿಗುತ್ತದೆ, ಎಲ್ಲಿ ಬಡಿಯಬಾರದು ಎಂಬುದು ಸಿಗುವುದಿಲ್ಲ. ನಾನು ಹೇಳಬೇಕೆಂದಿರುವುದು ಆ ಎರಡನೆಯದನ್ನು. ಪ್ರಮೋಷನ್ನು, ಸರ್ಟಿಫಿಕೇಟು ಇವೆಲ್ಲ ನನ್ನ ಹೆಂಡತಿಯ ಟ್ರಂಕಿನಲ್ಲಿ ಭದ್ರವಾಗಿವೆ, ಅವು ಅಲ್ಲೇ ಇರಲಿ.

ನಾನು ಮೊದಲು ಟೈಪ್‌ರೈಟರ್ ರಿಪೇರಿಯವನು. ವಳಸಂಗದಿಂದ ದಿನಾ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಬಂದು, ವಕೀಲರ ಓಣಿಯಲ್ಲಿ, ಗಿರಣಿಗಳ ಆಫೀಸುಗಳಲ್ಲಿ ಯಂತ್ರ ಬಿಚ್ಚಿ ಎಣ್ಣೆ ಹಾಕುತ್ತಿದ್ದೆ. ಆ ಯಂತ್ರದಲ್ಲಿ ಕಪ್ಪು ರಬ್ಬರಿನ ರೋಲರ್ ಇರುತ್ತದೆ, ಕಾಗದ ಅದರ ಮೇಲೆ ಕೂರುತ್ತದೆ. ಕಾಗದ ತೆಗೆದ ಮೇಲೂ ರೋಲರಿಗೆ ಬೆಳಕು ಓರೆಯಾಗಿ ಬಿದ್ದರೆ ಅಕ್ಷರಗಳ ಗುಳಿ ಕಾಣುತ್ತಿತ್ತು, ಒಂದರ ಮೇಲೊಂದು, ಯಾವ ಕಾಲದವೋ. ಬಡಿದವರು ಎದ್ದು ಹೋಗಿರುತ್ತಿದ್ದರು, ಕೆಲವರು ಸತ್ತೂ ಹೋಗಿರುತ್ತಿದ್ದರು. ನನಗೆ ಅದನ್ನು ನೋಡುವುದು ಸೇರುತ್ತಿರಲಿಲ್ಲ. ಬಟ್ಟೆಯಿಂದ ಒರೆಸುತ್ತಿದ್ದೆ, ಹೋಗುತ್ತಿರಲಿಲ್ಲ.

ಟೈಪ್‌ರೈಟರುಗಳು ಮೂಲೆ ಸೇರಿದ ಮೇಲೆ ನಾನು ಕಂಪ್ಯೂಟರ್ ಸರ್ವಿಸ್ ಮಾಡುವ ಸಣ್ಣ ಕಂಪನಿಯೊಂದಕ್ಕೆ ಸೇರಿದೆ. ಅದರ ಮಾಲೀಕರು ಜೋಶಿ ಸಾಹೇಬರು. ಮರಾಠಿಯವರು, ತೆಳ್ಳಗಿನ ಆಳು, ಮಾತು ಅದಕ್ಕಿಂತ ತೆಳ್ಳಗೆ. ಅವರ ಮೊದಲ ಪಾಠ ಮೂರೇ ಶಬ್ದದ್ದು: "ಆಧೀ ಹಾತ ಮಾಗೇ." ಮೊದಲು ಕೈ ಹಿಂದೆ. ಗಿರಾಕಿ ತನ್ನ ಗೋಳು ಹೇಳಿ ಮುಗಿಸುವ ತನಕ ನಾವು ಸಾಲೆಯ ಹುಡುಗರ ಹಾಗೆ ಕೈ ಹಿಂದೆ ಕಟ್ಟಿ ನಿಲ್ಲಬೇಕು. ಕೀಬೋರ್ಡು ಮುಟ್ಟುವಂತಿಲ್ಲ. ಎರಡನೆಯ ಪಾಠ, ಕೆಟ್ಟ ಡಿಸ್ಕಿನ ಮೇಲೆ ಕೆಲಸ ಮಾಡಬಾರದು. ಅದನ್ನು ಮೊದಲು ಇನ್ನೊಂದು ಡಿಸ್ಕಿಗೆ ಹಾಗೇ ಇಳಿಸಿಕೊಂಡು, ಇಳಿಸಿಕೊಂಡದ್ದರ ಮೇಲೆ ಕೆಲಸ ಮಾಡಬೇಕು.

ಪಾಠ ಹೇಳಿದವರೇ ಒಮ್ಮೆ ಎಡವಿದರು. ಕಾಳಿನ ದಲಾಲಿ ಮಾಡುವ ಒಂದು ಆಡತಿ ಅಂಗಡಿಯ ಡಿಸ್ಕನ್ನು ಇಳಿಸಿಕೊಳ್ಳುವಾಗ ಎರಡು ತಂತಿ ಅದಲು ಬದಲಾಗಿ, ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಇಳಿಯಿತು. ತುಂಬಿದ್ದು ಖಾಲಿಯಾಯಿತು. ಸಾಹೇಬರು ಅಂದು ಊಟ ಮಾಡಲಿಲ್ಲ. ಮರುದಿನ ಪಕ್ಕದ ಮಗ್ಗದ ಕಾರಖಾನೆಯಿಂದ ಕೆಂಪು ನೂಲಿನ ಒಂದು ಲಡಿ ತಂದು, ಯಾವ ಡಿಸ್ಕಿನ ಮೇಲೆ ಏನೂ ಬರೆಯಬಾರದೋ ಅದಕ್ಕೆ ಕೆಂಪು ನೂಲು ಕಟ್ಟಬೇಕು ಎಂದು ಕಾಯ್ದೆ ಮಾಡಿದರು. ಆ ಕಾಯ್ದೆಯನ್ನು ನಾನು ನಿವೃತ್ತನಾಗುವ ತನಕ ಮುರಿಯಲಿಲ್ಲ. ನೀವು ನಗಬೇಕಾದರೆ ಇದಕ್ಕೂ ನಗಿ, ಆದರೆ ನೂಲು ಕಟ್ಟಿ.

ಆಗಿನ ಸೊಲ್ಲಾಪುರದಲ್ಲಿ ನಮ್ಮ ವೈರಿಗಳು ಎರಡು. ಒಂದು, ಹತ್ತಿಯ ದೂಳು. ಟವೆಲ್ ನೇಯುವ ಕಾರಖಾನೆಯ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಒಂದು ತಲೆದಿಂಬಿಗೆ ಆಗುವಷ್ಟು ಅರಳೆ. ಎರಡು, ಖಂಡೇನವಮಿ. ದಸರೆಯ ಹಿಂದಿನ ದಿನ ನಮ್ಮ ಕಡೆ ಮಗ್ಗ, ತಕ್ಕಡಿ, ಕುಡುಗೋಲು, ಮೋಟಾರು ಎಲ್ಲವನ್ನೂ ತೊಳೆದು ಒರೆಸಿ ಪೂಜೆ ಮಾಡುತ್ತಾರೆ. ಕಂಪ್ಯೂಟರ್ ಬಂದ ಮೇಲೆ ಅದಕ್ಕೂ ಆಯಿತು. ಹಬ್ಬದ ಮರುದಿನದಿಂದ ನಮಗೆ ಪುರುಸೊತ್ತು ಇರುತ್ತಿರಲಿಲ್ಲ. ಫ್ಲಾಪಿಯ ಬಾಯಿಯಲ್ಲಿ ಕುಂಕುಮ, ಕೀಬೋರ್ಡಿನಲ್ಲಿ ತೆಂಗಿನ ನೀರು. ಬೀಡಿ ವ್ಯಾಪಾರಿಯೊಬ್ಬರು ಮಾನಿಟರಿನ ಮೇಲೆ ದೀಪ ಇಟ್ಟು, ಎಣ್ಣೆ ಒಳಗೆ ಇಳಿದು, ಶಾಸ್ತ್ರೋಕ್ತವಾಗಿ ಅದರ ಕಥೆ ಮುಗಿಸಿದ್ದರು. ಇವಕ್ಕೆಲ್ಲ ನಾನು ಬೈದುಕೊಂಡು ನಗುತ್ತಿದ್ದೆ. ಅಕ್ಕಲಕೋಟದ ಮಾದೇವಪ್ಪನ ಪ್ರಕರಣ ಬಂದ ಮೇಲೆ ನಗು ಕಡಿಮೆಯಾಯಿತು.

ಮಾದೇವಪ್ಪ ಫೋಟೋ ಸ್ಟುಡಿಯೋದವನು. ಅಪ್ಪನ ಕಾಲದ ಅಂಗಡಿ. ಆ ಊರಿನಲ್ಲಿ ಸ್ಕ್ಯಾನರ್, ಕಂಪ್ಯೂಟರ್ ಮೊದಲು ತಂದವರಲ್ಲಿ ಅವನೂ ಒಬ್ಬ, ಅವುಗಳನ್ನು ಮಾರಿದವರು ನಾವೇ. ದಸರೆ ಕಳೆದ ಮೇಲೆ ಅವನ ಫೋನು ಬಂತು. ಬಾಯಿತುಂಬ ಮಾತಾಡುವ ಮನುಷ್ಯ ಅಂದು ಎರಡೇ ಮಾತು ಆಡಿದ: "ಡಿ ಹೋಗ್ಯಾದ್ರಿ ಈರಣ್ಣಾರ. ಲಗೂನ ಬರ್ರಿ."

ಹೋದೆ. ಮಾನಿಟರಿನ ತಲೆಯ ಮೇಲೆ ಬನ್ನಿ ಎಲೆ ಇನ್ನೂ ಇದ್ದವು, ಪೆಟ್ಟಿಗೆಯ ಹಣೆಗೆ ವಿಭೂತಿಯ ಮೂರು ಗೆರೆ. ನಾನು ಕೈ ಹಿಂದೆ ಕಟ್ಟಿ ನಿಂತೆ.

"ಖಂಡೇನವಮಿಗೆ ಎಲ್ಲಾ ಸ್ವಚ್ಛ ಮಾಡ್ತೀವಲ್ರಿ," ಎಂದು ಶುರು ಮಾಡಿದ. "ಕ್ಯಾಮೆರಾ ಒರಸಿದೆ, ಲೆನ್ಸ್ ಒರಸಿದೆ, ಲೈಟಿನ ಛತ್ರಿ ಝಾಡಿಸಿದೆ. ಹೊರಗ ಒರಸಿ ಒಳಗ ಹೊಲಸ ಇಟ್ಕೊಂಡ ಪೂಜಾ ಮಾಡೂದ ಹ್ಯಾಂಗ್ರಿ? ಕಂಪ್ಯೂಟರ್ ಒಳಗಿಂದೂ ಸ್ವಚ್ಛ ಮಾಡೂಣಂದೆ. ಕಂಪ್ಯೂಟರ್ ಕ್ಲಾಸಿನ್ಯಾಗ ಮಾಸ್ತರು ಡಿಸ್ಕಿಗೆ ಪಾಲ ಹಾಕೂ ಎಫ್‌ಡಿಸ್ಕ್ ತೋರಿಸಿದ್ರು. ಡಿ ಒಳಗಿನ ಕಸ ಹೋಗ್ತದ, ಮಾಲ ಉಳೀತದ ಅಂತ ತಿಳಕೊಂಡೆ."

"ಅಳಸೂಕಿಂತ ಮೊದಲ ಅದು ಕೇಳತದಲ್ಲೊ, ಖಾತ್ರಿ ಏನಂತ?"

"ಎರಡ ಸಲ ಕೇಳ್ತರಿ. ದೇವರ ಕೆಲಸ ಅಂತ ಎರಡೂ ಸಲ ಹೂಂ ಅಂದೆ."

ಆಮೇಲೆ ಡಿ ಕಾಣದಾದಾಗ ಗಾಬರಿಯಾಗಿ ಅದನ್ನು ಹೊಸದಾಗಿ ಹುಟ್ಟಿಸಿದ್ದಾನೆ, ಫಾರ್ಮ್ಯಾಟಿಗೂ ಹಚ್ಚಿದ್ದಾನೆ. ಅದು ಅರ್ಧ ನಡೆಯುವುದರಲ್ಲಿ ಅಕ್ಕಲಕೋಟದ ಲೈಟ್ ಹೋಯಿತು. ಆ ದಿನಗಳಲ್ಲಿ ಲೈಟ್ ಹೋಗುವುದು ಸುದ್ದಿಯೇ ಅಲ್ಲ, ಆದರೆ ಅಂದಿನದು ಸುದ್ದಿ. ಫಾರ್ಮ್ಯಾಟು ಕೊನೆ ಮುಟ್ಟಿದ್ದರೆ ಯಾವ ಫೈಲು ಎಲ್ಲಿದೆ ಎಂಬ ಗುರುತೆಲ್ಲ ಹೋಗುತ್ತಿತ್ತು.

"ಲೈಟ್ ಹೋಗಿದ್ದ ನಿನ್ನ ಪುಣ್ಯ ಮಾದೇವಪ್ಪ," ಎಂದೆ. ಆಗ ನನಗೆ ಅರ್ಧ ಸಂಗತಿ ಮಾತ್ರ ಗೊತ್ತಿತ್ತು.

ಪಾರ್ಟಿಶನ್, ಅಂದರೆ ಡಿಸ್ಕಿನ ಒಂದು ಪಾಲು, ಅಳಿಸುವುದೆಂದರೆ ಏನೆಂದು ಹೊಸಬರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಹೊಲಕ್ಕೆ ಸಾತ್‌ಬಾರಾ ಉತಾರ ಎಂಬ ಪಹಣಿ ಇರುತ್ತದೆ, ಇಂಥ ಒಡ್ಡಿನಿಂದ ಇಂಥ ಒಡ್ಡಿನ ತನಕ ಇಂಥವರ ಭೂಮಿ ಎಂದು. ಊರ ಭೂಮಿಯ ಲೆಕ್ಕ ಬರೆಯುವ ತಲಾಠಿ ಅದನ್ನು ಹರಿದು ಹಾಕಿದ ಎನ್ನಿ. ಸರಕಾರದ ಲೆಕ್ಕದಲ್ಲಿ ಹೊಲವಿಲ್ಲ. ಆದರೆ ಹೊಲದಲ್ಲಿ ಜೋಳ ನಿಂತೇ ಇರುತ್ತದೆ. ನಮ್ಮ ಕೆಲಸ, ಹೊಲದಲ್ಲಿ ನಡೆದು ಒಡ್ಡು ಹುಡುಕಿ ಉತಾರ ಮತ್ತೆ ಬರೆಯುವುದು, ಅಷ್ಟೇ. ಅದರ ನಡುವೆ ಯಾರೂ ಹೊಸದಾಗಿ ಬಿತ್ತಬಾರದು.

"ಏನಿತ್ತು ಡಿ ಒಳಗ? ಲಗ್ನದ ಫೋಟೋ ಏನು?"

"ಲಗ್ನದ್ದಕ್ಕ ನೆಗೆಟಿವ್ ಅದಾವ್ರಿ. ಅದರ ಚಿಂತಿ ಇಲ್ಲ. ಇದು ಬ್ಯಾರೆ." ಮಾದೇವಪ್ಪ ಎದ್ದು ಹೋಗಿ ಬಾಗಿಲ ಪರದೆ ಎಳೆದ. "ನಾವು ಕಣ್ಣ ಹಚ್ಚತೀವಿರಿ."

ಹಳ್ಳಿಗಳಲ್ಲಿ ಎಷ್ಟೋ ಹಿರಿಯರು ಬದುಕಿಡೀ ಒಂದು ಫೋಟೋ ತೆಗೆಸಿಕೊಂಡವರಲ್ಲ. ಸತ್ತ ದಿನ ಮನೆಯವರಿಗೆ ನೆನಪಾಗುತ್ತದೆ. ಯಾರಾದರೂ ಮೋಟಾರ್ ಸೈಕಲ್ ಮೇಲೆ ಬಂದು ಮಾದೇವಪ್ಪನನ್ನು ಕರೆದೊಯ್ಯುತ್ತಾರೆ. ಅಷ್ಟರಲ್ಲಿ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಗದ್ದ ಬೀಳದ ಹಾಗೆ ಬಟ್ಟೆ ಕಟ್ಟಿರುತ್ತಾರೆ. ಇವನು ಫೋಟೋ ಹೊಡೆದು ತರುತ್ತಾನೆ. ಅಪ್ಪನ ಕಾಲದಲ್ಲಿ ಅದರ ಮೇಲೆ ಕುಂಚದಿಂದ ಕಣ್ಣು ಬರೆಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಮಗ ಗದ್ದದ ಬಟ್ಟೆ ಅಳಿಸಿ, ಹಿಂದೆ ನೀಲಿ ಬಣ್ಣ ತುಂಬಿ, ನಿಜವಾದ ಕಣ್ಣನ್ನೇ ಹಚ್ಚತೊಡಗಿದ.

"ನಿಜವಾದ ಕಣ್ಣು ಎಲ್ಲಿಂದ ತರತೀ?"

"ಅದೇ ಮನ್ಯಾಗಿಂದ್ರಿ. ಮಗ, ಮಗಳು, ತಮ್ಮ, ಯಾರ್ದರ. ಅವರನ್ನ ಇಲ್ಲೆ ಕುಂದರಿಸಿ ಕಣ್ಣಿಂದ ಅಷ್ಟ ಫೋಟೋ ತಗೀತೀನಿ. ಮಂದಿ ಕಣ್ಣ ಹಚ್ಚಿದ್ರ ಮನಿಯವರಿಗೆ ಗುರ್ತ ಸಿಗೂದಿಲ್ರಿ. ಕಣ್ಣ ಮನೀದ ಇರಬೇಕು."

ಹೀಗೆ ಕಣ್ಣು ತೆರೆದ ಫೋಟೋ ತಯಾರಾದ ಕೂಡಲೇ ಕಣ್ಣು ಮುಚ್ಚಿದ ಫೋಟೋವನ್ನು, ಅದರ ನೆಗೆಟಿವನ್ನು ಮನೆಯವರ ಎದುರಿಗೇ ಸುಡಬೇಕು. ಹೆಣದ ಚಿತ್ರ ಉಳಿಯಬಾರದು, ಉಳಿದರೆ ಸತ್ತವರಿಗೆ ದಾರಿ ಸಿಗುವುದಿಲ್ಲ ಎಂದು ನಂಬಿಕೆ. ಕಂಪ್ಯೂಟರಿನಲ್ಲಿದ್ದುದನ್ನೂ ಅವರಿಗೆ ತೋರಿಸಿ ಡಿಲೀಟ್ ಒತ್ತುತ್ತಿದ್ದ. ಪರದೆಯಿಂದ ಹೆಸರು ಮಾಯವಾದುದನ್ನು ನೋಡಿ ಅವರು ಕೈ ಮುಗಿದು ಏಳುತ್ತಿದ್ದರು.

ಪ್ರಿಂಟು ತೆಗೆಸಿ ಕೊಟ್ಟವರ ಚಿಂತೆ ಅವನಿಗಿರಲಿಲ್ಲ. ಒಂದೇ ಒಂದು ಪ್ರಿಂಟ್ ಆಗದೆ ಉಳಿದಿತ್ತು. ಹನ್ನೂರಿನ ಗಂಗವ್ವ ಎಂಬಾಕೆಯ ತಾಯಿ ನಿಂಗವ್ವನದು. ನಾಲ್ಕು ಎಕರೆ ಜೋಳ ತೊಗರಿ ಮಾಡುವ ಒಕ್ಕಲುತನದ ಮನೆ. ಬೇರೆ ಒಂದು ಚಿತ್ರವೂ ಇಲ್ಲ. ಗಂಗವ್ವ ಅವನ ಪಕ್ಕದಲ್ಲಿ ಕೂತು, ತನ್ನ ಕಣ್ಣು ಕೊಟ್ಟು, ತಾಯಿ ಕಣ್ಣು ತೆರೆಯುವುದನ್ನು ನೋಡಿದ್ದಾಳೆ, ಉಳಿದದ್ದನ್ನು ಸುಡಿಸಿದ್ದಾಳೆ. ಪ್ರಿಂಟಿಗೆ ಸೊಲ್ಲಾಪುರಕ್ಕೆ ಹಬ್ಬ ಮುಗಿಸಿಕೊಂಡು ಕಳಿಸಿದರಾಯಿತೆಂದು ಇವನು ಬಿಟ್ಟಿದ್ದ. ದೀಪಾವಳಿ ಪಾಡ್ಯಕ್ಕೆ ಫೋಟೋ ಗೋಡೆಗೆ ಏರಬೇಕಿತ್ತು.

ಡಿಸ್ಕು ಬಿಚ್ಚಿ ಕೆಂಪು ನೂಲು ಕಟ್ಟಿ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಬಿದ್ದರೆ, ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ನಡುವಯಸ್ಸು, ಬಿಸಿಲುಂಡ ಮುಖ, ಮಡಿಲಲ್ಲಿ ಸಂತೆಯ ಚೀಲ. ಅವಳ ಕಣ್ಣು ನನ್ನ ಕೈಯ ಮೇಲಿತ್ತು.

"ನಮ್ಮವ್ವನ್ನ ಒಯ್ಯಾಕತ್ತೀರೇನ್ರಿ?"

ಗಂಗವ್ವ ಇವಳೇ ಎಂದು ತಿಳಿಯಿತು. "ರಿಪೇರಿಗೆ ಒಯ್ಯಾಕತ್ತೀನವ್ವ," ಎಂದೆ.

"ಅವ್ವನ ಮಾರಿ ನನಗ ಮರ್ಯಾಕತ್ತದರಿ," ಎಂದಳು. "ಹೊಲದಾಗ ನಿಂತ ನೆನಸ್ತೀನಿ, ದನಿ ಬರತದ, ಮಾರಿ ಬರೂದಿಲ್ಲ. ಅದೊಂದ ಫೋಟೋ ಬರ್ಲಿ ಅಂತ ಕುಂತೀನಿ." ಎದ್ದು ದಾರಿ ಬಿಟ್ಟಳು. ನಾನು ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕೂಗಿದಳು: "ಜ್ವಾಕಿಲೆ ಒಯ್ರಿ. ಅವ್ವಗ ಬಸ್ಸಿನ್ಯಾಗ ತಲಿ ತಿರಗತಿತ್ತು."

ನಾನು ದೆವ್ವ ಭೂತ ನಂಬುವವನಲ್ಲ. ಆದರೂ ಆ ಟವೆಲ್ಲನ್ನು ಬಸ್ಸಿನ ಮೇಲಿನ ಹಲಗೆಗೆ ಇಡಲು ಮನಸ್ಸಾಗಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಕೂತೆ. ಕಂಡಕ್ಟರ್ ಬಂದು ಮರಾಠಿಯಲ್ಲಿ "ಕಿತೀ ಜಣ?" ಅಂದ. ಎಷ್ಟು ಜನ ಎಂದು ದಿನಾ ಕೇಳುವ ಪ್ರಶ್ನೆ. ನಾನು ತೊಡೆಯ ಮೇಲಿನ ಟವೆಲ್ಲನ್ನು ನೋಡಿದೆ. ಅವನು ಮತ್ತೆ ಕೇಳಿದ. "ಏಕ್," ಎಂದೆ. ಸುಳ್ಳು ಹೇಳಿದ ಹಾಗೆ ಅನ್ನಿಸಿತು. ವಳಸಂಗದಲ್ಲಿ ನನ್ನ ಪಕ್ಕದವರು ಇಳಿದರು, ನಿಂತವರು ಬಹಳ ಮಂದಿ ಇದ್ದರೂ ಸೊಲ್ಲಾಪುರದ ತನಕ ಆ ಜಾಗದಲ್ಲಿ ಯಾರೂ ಕೂರಲಿಲ್ಲ. ಅದಕ್ಕೆ ಕಾರಣ ಸೀಟಿನ ಮೇಲೆ ಯಾರೋ ಚೆಲ್ಲಿದ್ದ ನೀರು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಆ ಕಡೆ ನೋಡಲಿಲ್ಲ.

ನಮ್ಮ ಆಫೀಸಿನ ಗೋಡೆಗೆ ಅಂಟಿಕೊಂಡೇ ಪವರ್‌ಲೂಮ್ ಕಾರಖಾನೆಗಳು. ಇಡೀ ದಿನ ಖಟ್ ಖಟ್ ಸದ್ದು, ಮೇಜಿನ ಮೇಲಿನ ನೀರು ಕೂಡ ನಡುಗುತ್ತಿರುತ್ತದೆ. ಅಂಥ ಗದ್ದಲದಲ್ಲಿ ಮಾತಾಡಿ ಮಾತಾಡಿ ನನ್ನ ದನಿ ಜೋರು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತೆ. ಮೊದಲು ಇಡೀ ಡಿಸ್ಕನ್ನು ಖಾಲಿ ಡಿಸ್ಕಿಗೆ ಇಳಿಸುವುದು. ಬಹಳ ಹೊತ್ತು ಸರಾಗ ನಡೆಯಿತು. ಒಂದು ಕಡೆ ಬಂದು ನಿಂತಿತು, ಮತ್ತೆ ಮುಂದೆ ಹೋಯಿತು. ಅದೇನೆಂದು ಮಗ್ಗದ ಸದ್ದಿನಲ್ಲಿ ಗೊತ್ತಾಗಲಿಲ್ಲ.

ಇಳಿಸಿಕೊಂಡದ್ದರಲ್ಲಿ ಹಳೆಯ ಒಡ್ಡಿನ ಗುರುತು ಹುಡುಕಿದೆ. ಈಗ ನೀವು ಒಂದು ಬಟನ್ ಒತ್ತುತ್ತೀರಿ, ಆಗ ಅಂಕಿಗಳ ಸಾಲು ಓದಿ ಓದಿ ಕಣ್ಣು ಉರಿಯುತ್ತಿತ್ತು. ಸಿಕ್ಕಿತು. ಉತಾರ ಕೈಯಿಂದ ಬರೆದೆ, ಕಂಪ್ಯೂಟರ್ ಮತ್ತೆ ಚಾಲೂ ಮಾಡಿದೆ. ಡಿ ಬಂದಿತ್ತು. ಈ ಕೆಲಸದ ಸುಖವೆಲ್ಲ ಆ ಒಂದು ಕ್ಷಣದ್ದು, ನಾನು ಮೇಜು ಕುಟ್ಟಿದೆ. ಮೊದಲ ಫೋಲ್ಡರ್ ತೆರೆದೆ, ಮೊದಲ ಚಿತ್ರ ತೆರೆದೆ.

ಎರಡು ಕಣ್ಣು. ಮುಖವಿಲ್ಲ, ಹಣೆಯಿಲ್ಲ, ಒಂದು ಪಟ್ಟಿಯಲ್ಲಿ ಬರಿ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು.

ಕುರ್ಚಿ ಹಿಂದೆ ಸರಿದ ಸದ್ದಿಗೆ ಜೋಶಿ ಸಾಹೇಬರು ತಮ್ಮ ಮೇಜಿನಿಂದ ತಲೆ ಎತ್ತಿದರು. ಮುಂದಿನ ಚಿತ್ರವೂ ಕಣ್ಣು, ಅದರ ಮುಂದಿನದೂ. ಮುದುಕರವು, ಮಕ್ಕಳವು, ಅತ್ತು ಕೆಂಪಾದವು, ಫ್ಲ್ಯಾಶಿಗೆ ಬೆದರಿದವು. ಬದುಕಿರುವವರು ಸತ್ತವರಿಗೆ ಕೊಟ್ಟ ಕಣ್ಣು. ಮಾದೇವಪ್ಪ ಮೊದಲೇ ಹೇಳಿದ್ದ, ಆದರೂ ಆ ಫೋಲ್ಡರನ್ನು ಬೇಗ ಮುಚ್ಚಿದೆ. ಎರಡನೆಯ ಫೋಲ್ಡರಿನಲ್ಲಿ ನೀಲಿ ಹಿನ್ನೆಲೆಯ ಹಿರಿಯರು ಸಾಲಾಗಿ ಕೂತಿದ್ದರು. ಎಲ್ಲರ ಕಣ್ಣೂ ತೆರೆದಿದ್ದವು, ಆಗಷ್ಟೇ ನೋಡಿದ್ದ ಕಣ್ಣುಗಳು, ಯಾರವು ಯಾರ ಮುಖದಲ್ಲಿವೆ ಎಂದು ನನಗೆ ಗುರುತು ಹತ್ತುತ್ತಿತ್ತು. ಸಾಹೇಬರು ಬಂದು ನನ್ನ ಹಿಂದೆ ನಿಂತರು. ಬಾಗಿಲ ತನಕ ಹೋಗಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ತಿರುಗಿ ಬಂದು ನಿಂತರು.

ನಿಂಗವ್ವನ ಹೆಸರಿನದು ಕೊನೆಯಲ್ಲಿತ್ತು. ತೆರೆದೆ. ತಲೆಯ ಮೇಲಿನ ಸೆರಗು ಬಂತು, ಹಣೆ ಬಂತು, ವಿಭೂತಿ ಬಂತು. ಅದರ ಕೆಳಗೆ ಅಡ್ಡಕ್ಕೆ ಒಂದು ಕಪ್ಪು ಪಟ್ಟಿ. ಪಟ್ಟಿಯ ಕೆಳಗೆ ಮೂಗಿನ ತುದಿ, ತುಟಿ, ಗದ್ದ. ಮುಖವೆಲ್ಲ ಇತ್ತು, ಕಣ್ಣಿದ್ದ ಜಾಗವಷ್ಟೇ ಇರಲಿಲ್ಲ.

ಮೂಲ ಡಿಸ್ಕಿನಿಂದ ಇನ್ನೊಮ್ಮೆ ಓದಿಸೋಣ ಎಂದು ನೂಲು ಕಟ್ಟಿದ್ದಕ್ಕೆ ಹಚ್ಚಿದೆ. ಅದೇ ಹೊತ್ತಿಗೆ ಓಣಿಯ ಲೈಟ್ ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಸೊಲ್ಲಾಪುರದವರಿಗೆ ಗೊತ್ತು ಆ ಮೌನ, ಕಿವಿಯೇ ಹೋಯಿತೇನೋ ಅನ್ನಿಸುತ್ತದೆ. ನಮ್ಮ ಯಂತ್ರ ಬ್ಯಾಟರಿಯ ಮೇಲೆ ನಡೆದಿತ್ತು. ಆ ಮೌನದಲ್ಲಿ ಡಿಸ್ಕಿನ ಒಳಗಿಂದ ಟಿಕ್, ಟಿಕ್ ಎಂದು ಕೇಳಿಸಿತು. ಒಳಗಿನಿಂದ ಯಾರೋ ಉಗುರಿನಿಂದ ಬಡಿದ ಹಾಗೆ. ನಿಂತು, ಮತ್ತೆ ಟಿಕ್. ನಿಂಗವ್ವನ ಕಣ್ಣಿನ ಹತ್ತಿರ ಬಂದಾಗ ಮಾತ್ರ.

ಕಾರಣ ನನಗೆ ಗೊತ್ತಿತ್ತು. ಅಕ್ಕಲಕೋಟದಲ್ಲಿ ಫಾರ್ಮ್ಯಾಟ್ ನಡೆದಾಗ ಲೈಟ್ ಹೋಗಿ, ಡಿಸ್ಕಿನ ಓದುವ ಮುಳ್ಳು ಅಲ್ಲೇ ಕುಸಿದು ಆ ಜಾಗಕ್ಕೆ ಗಾಯ ಮಾಡಿತ್ತು. ಉಳಿದವರನ್ನೆಲ್ಲ ಉಳಿಸಿದ ಲೈಟೇ ಈ ಒಬ್ಬಾಕೆಯ ಕಣ್ಣು ತೆಗೆದುಕೊಂಡಿತ್ತು. ಕಾರಣ ಗೊತ್ತಾದರೆ ಹೆದರಿಕೆ ಹೋಗುತ್ತದೆ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಹೋಗುವುದಿಲ್ಲ.

ಅಳಿಸಿದ ಫೈಲುಗಳ ಪಟ್ಟಿ ತೆಗೆದೆ. ಆಗಿನ ಪದ್ಧತಿಯಲ್ಲಿ ಫೈಲು ಅಳಿಸಿದರೆ ಯಂತ್ರ ಅದರ ಹೆಸರಿನ ಮೊದಲ ಅಕ್ಷರವನ್ನಷ್ಟೇ ಕೆಡಿಸುತ್ತಿತ್ತು, ಉಳಿದದ್ದು ಹಾಗೇ ಇರುತ್ತಿತ್ತು. ತಿರುಗಿ ತರಬೇಕಾದರೆ ಆ ಅಕ್ಷರವನ್ನು ನಾವು ಹೇಳಬೇಕು. ಪರದೆಯ ತುಂಬ ಮೊದಲ ಅಕ್ಷರವಿಲ್ಲದ ಹೆಸರುಗಳು ನಿಂತವು, ಮನೆಯವರ ಕಣ್ಣೆದುರು ಅಳಿಸಿದ, ಸುಟ್ಟೆವು ಎಂದು ನಂಬಿದ ಹೆಣದ ಚಿತ್ರಗಳೆಲ್ಲ. ಯಾರೂ ಹೋಗಿರಲಿಲ್ಲ. ಅವುಗಳ ನಡುವೆ ನಿಂಗವ್ವನೂ ಇದ್ದಳು. ಯಂತ್ರ ಅಕ್ಷರ ಕೇಳಿತು. ನಾನು ಸಾಹೇಬರ ಕಡೆ ನೋಡಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು, "ಆಧೀ ಹಾತ ಮಾಗೇ" ಎನ್ನಲಿಲ್ಲ. ಒತ್ತಿದೆ. ಅಷ್ಟೂ ಮುಖ ಬಂತು. ಕಣ್ಣು ಹಚ್ಚುವ ಮೊದಲು ಉಳಿಸಿಟ್ಟಿದ್ದ ಚಿತ್ರ ಅದು, ಗದ್ದದ ಬಟ್ಟೆ ತೆಗೆದಾಗಿತ್ತು, ಸೆರಗು ನೀಟಾಗಿತ್ತು. ಕಣ್ಣು ಮಾತ್ರ ಮುಚ್ಚಿದ್ದವು. ಉಳಿದವರ ಹೆಸರು ನಾನು ಮುಟ್ಟಲಿಲ್ಲ.

ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಅಷ್ಟನ್ನೂ ಕೇಳಿ, "ಹೆಣ ನೋಡಿ ಬಂದೀರಿ, ಒಳಗ ಬರಬ್ಯಾಡ್ರಿ, ಅಲ್ಲೇ ನಿಂದ್ರಿ," ಎಂದು ಹಿತ್ತಲಲ್ಲಿ ನೀರಿಟ್ಟಳು. "ಕಂಪ್ಯೂಟರಿನ್ಯಾಗ ನೋಡೀನಲ್ಲ," ಎಂದೆ. "ನೋಡಿದ್ದು ಕಣ್ಣಿಲೇನ ಹೌದಿಲ್ರಿ?" ತಲೆ ಮೇಲೆ ನೀರು ಹಾಕಿಕೊಂಡೆ.

ಇಳಿಸಿಕೊಂಡದ್ದನ್ನು ಹಾಗೇ ತುಂಬಿದ ಹೊಸ ಡಿಸ್ಕನ್ನು ಅಕ್ಕಲಕೋಟಕ್ಕೆ ಒಯ್ದು ಹಾಕಿ, ಕಪ್ಪು ಪಟ್ಟಿಯದನ್ನೂ ಕಣ್ಣು ಮುಚ್ಚಿದ್ದನ್ನೂ ಮಾದೇವಪ್ಪನಿಗೆ ತೋರಿಸಿದೆ. ಎರಡನೆಯದನ್ನು ನೋಡಿ ಅವನು ಎದ್ದು ನಿಂತ.

"ಇದು ಹ್ಯಾಂಗ ಬಂತ್ರಿ? ಆಕೀ ಮುಂದ ಅಳಸೀನಿ. ದೇವರ ಆಣಿ ಮಾಡೀನಿ."

"ನೀ ಅಳಿಸಿದ್ದು ಹೆಸರಿನ ಒಂದ ಅಕ್ಷರ ಮಾದೇವಪ್ಪ."

ಅವನು ಹಣೆ ಒರೆಸಿಕೊಂಡ. ಆಮೇಲೆ ಕೆಲಸಗಾರನ ಬುದ್ಧಿ ಓಡಿತು. "ಆಕೀ ಕಣ್ಣಿನ ಪಟ್ಟಿ ಬಂದಾದಲ್ರಿ? ಒಂದ ತಾಸಿನ್ಯಾಗ ಮತ್ತ ಹಚ್ಚತೀನಿ. ಇದು ತಿರಗಿ ಬಂದಿತ್ತಂತ ಆಕೀಗ್ಯಾಕ ಹೇಳಬೇಕ್ರಿ? ಪಾಡ್ಯಕ್ಕ ಫೋಟೋ ಮುಟ್ಟಿದ್ರ ಆತು."

ಹೇಳಬೇಕೋ ಬೇಡವೋ, ನನಗೂ ತಿಳಿಯಲಿಲ್ಲ. ಯಾರ ದಾರಿಗೂ ಯಾವ ಚಿತ್ರವೂ ಅಡ್ಡ ಬರುವುದಿಲ್ಲ ಎಂದು ನಾನು ನಂಬುತ್ತೇನೆ, ಆದರೆ ಆಕೆ ನಂಬುವುದಿಲ್ಲ. ಅವನು ಪರದೆಯ ಮೇಲೆ ಎಡಕ್ಕೆ ತಾಯಿಯ ಮುಚ್ಚಿದ ಮುಖ, ಬಲಕ್ಕೆ ಮಗಳ ಕಣ್ಣಿನ ಪಟ್ಟಿ ಇಟ್ಟುಕೊಂಡ. ಮೌಸ್ ಹಿಡಿದು ಕಣ್ಣನ್ನು ಮುಖದ ಕಡೆ ಎಳೆಯತೊಡಗಿದ. ಬಾಗಿಲ ಪರದೆ ಅಲುಗಿತು. ಅದು ಹನ್ನೂರಿನವರು ಊರಿಗೆ ಬರುವ ಸಂತೆಯ ದಿನವೆಂಬುದನ್ನು ನಾವಿಬ್ಬರೂ ಮರೆತಿದ್ದೆವು.

ಗಂಗವ್ವ ಒಳಗೆ ಬಂದು ನಿಂತಿದ್ದಳು. ತನ್ನ ಕಣ್ಣು ತನ್ನನ್ನೇ ನೋಡುವುದನ್ನು ನೋಡಿದಳು, ಆಮೇಲೆ ತಾಯಿಯನ್ನು. ಗಿರಾಕಿಗಳ ಸ್ಟೂಲನ್ನು ಕೈಯಿಂದ ತಡವಿ ಹುಡುಕಿ ಕೂತಳು.

"ಇದು ಸುಟ್ಟಿತ್ತಲ್ರಿ."

ಮಾದೇವಪ್ಪ ಮೌಸ್ ಹಿಡಿದೇ ಅವಳ ಕಡೆ ತಿರುಗಿದ. "ಸುಟ್ಟಿದ್ದೆ ಗಂಗವ್ವ. ನಿನ್ನ ಕಣ್ಣ ಮುಂದ ಸುಟ್ಟಿಲ್ಲೇನು? ಈರಣ್ಣಾರನ್ನ ಕೇಳು."

ನಾನು ಹೊಲ, ಒಡ್ಡು, ಉತಾರದ ಕಥೆ ಹೇಳಿದೆ. ಒಕ್ಕಲುತನದವಳು, ತಟ್ಟನೆ ಹಿಡಿದಳು.

"ಅಂದ್ರ ಅಳಿಸಿದ್ದು ಹೋಗೂದಿಲ್ಲೇನ್ರಿ?"

"ಅದರ ಮ್ಯಾಲ ಬ್ಯಾರೇದು ಬಿತ್ತೂತನಾ ಹೋಗೂದಿಲ್ಲವ್ವ."

ಬೈಯುತ್ತಾಳೆ, ಅಳುತ್ತಾಳೆ, ಎದ್ದು ಹೋಗುತ್ತಾಳೆ, ಏನಾದರೂ ಆಗುತ್ತದೆ ಎಂದು ನಾವಿಬ್ಬರೂ ಕಾದೆವು. ಅವಳು ಸ್ಟೂಲನ್ನು ಮುಂದೆ ಎಳೆದುಕೊಂಡಳು. ಮೂಗು ಪರದೆಗೆ ತಾಕುವಷ್ಟು ಹತ್ತಿರ ಹೋಗಿ ನೋಡಿದಳು. ಅವಳ ಉಸಿರಿಗೆ ಗಾಜಿನ ಮೇಲೆ ನಿಂಗವ್ವನ ತುಟಿಯ ಹತ್ತಿರ ಮಂಜು ಕೂತು ಆರಿತು, ಕೂತು ಆರಿತು. ನಾನು ಬೇರೆ ಕಡೆ ನೋಡಿದೆ.

"ಅವ್ವ ಮಲಗಿದ್ದ ನಾ ಎಂದೂ ನೋಡಿದ್ದಿಲ್ಲರಿ," ಎಂದಳು. ಯಾರಿಗೆ ಹೇಳಿದಳೋ. "ನಾವು ಏಳೂದ್ರಾಗ ಎದ್ದಿರತಿದ್ಳು. ನಾವೆಲ್ಲಾ ಮಲಗಿದ ಮ್ಯಾಲ ಮಲಗತಿದ್ಳು. ಬ್ಯಾನಿ ಬಂದಾಗೂ ಗ್ವಾಡಿಗೆ ಆನಕೊಂಡ ಕುಂತಿರತಿದ್ಳು. ಮಲಗಬೇ ಅಂದ್ರ ಹೂಂ ಅಂತಿದ್ಳು, ಮಲಗತಿದ್ದಿಲ್ಲ. ಆಕೀ ಮಲಗಿದ್ರ ಹಿಂಗ ಕಾಣ್ತಾಳಂತ ನನಗ ಗೊತ್ತ ಇದ್ದಿಲ್ಲ."

ಮಾದೇವಪ್ಪ ಪರದೆಯ ಕಡೆ ಬಾಗಿದ. ಮೌಸಿನ ಮೇಲೆ ಅವನ ಕೈ ಇನ್ನೂ ಇತ್ತು, ಗಂಗವ್ವನ ಕಣ್ಣು ಮುಖದಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿದ್ದವು. "ಇವತ್ತ ಹಚ್ಚಿ ಕೊಡ್ತೀನವ್ವ. ಕಣ್ಣ ಇಡ್ಲೇನು?"

"ಬ್ಯಾಡ್ರಿ," ಎಂದಳು ಗಂಗವ್ವ. "ಮಲಗ್ಯಾಳ. ಎಬ್ಬಸಬ್ಯಾಡ್ರಿ."

ಅವನ ಕೈ ತಾನಾಗಿ ಕೆಳಗಿಳಿಯಿತು. ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡು, ಹೋಗುವಾಗ ಇನ್ನೊಂದು ಮಾತು ಹೇಳಿದಳು: "ನನ್ನ ಕಣ್ಣ ಅದರಾಗ ಇಡಬ್ಯಾಡ್ರಿ. ಅವನ್ನ ಖರೇನ ಅಳಸ್ರಿ."

ಆ ಕೆಲಸ ನನಗೆ ಬಿತ್ತು. ನಿಂಗವ್ವನ ಮಲಗಿದ ಮುಖವನ್ನು ಪ್ರಿಂಟಿಗೆಂದು ಬೇರೆ ತೆಗೆದಿಟ್ಟೆ. ಹೊಸ ಡಿಸ್ಕಿನಿಂದ ಕಣ್ಣುಗಳ ಇಡೀ ಫೋಲ್ಡರ್ ತೆಗೆದು, ಡಿ ಒಳಗೆ ಖಾಲಿ ಎಂದು ಕಾಣುವ ಜಾಗದ ಮೇಲೆಲ್ಲ ಸೊನ್ನೆ ಬರೆಯಲು ಹಚ್ಚಿದೆ. ಮೊದಲ ಅಕ್ಷರವಿಲ್ಲದ ಅಷ್ಟೂ ಮಂದಿ ಒಬ್ಬೊಬ್ಬರಾಗಿ ಹೊರಟರು. ಡಿಸ್ಕಿನ ಕೆಂಪು ದೀಪ ಉರಿಯುತ್ತಿದ್ದಷ್ಟು ಹೊತ್ತು ಮಾದೇವಪ್ಪ ಕೈ ಜೋಡಿಸಿ ನಿಂತಿದ್ದ. ನಾನು ಕೂತೇ ಇದ್ದೆ, ಆದರೆ ಚಪ್ಪಲಿ ಬಿಟ್ಟಿದ್ದೆ. ಇಳಿಸಿಕೊಂಡಿದ್ದ ನಮ್ಮ ಆಫೀಸಿನ ಡಿಸ್ಕಿಗೂ ಹಾಗೇ ಮಾಡಿದೆ. ಗಾಯವಾದ ಮೂಲ ಡಿಸ್ಕನ್ನು ಜೋಶಿ ಸಾಹೇಬರು ಬಿಚ್ಚಿಸಿ, ಒಳಗಿನ ತಟ್ಟೆಗಳನ್ನು ತಾವೇ ಗೀರಿ ಹಾಕಿದರು. ಹೊಸಬರೇ, ಇದನ್ನು ನೆನಪಿಡಿ. ತಿರುಗಿ ತರುವುದನ್ನು ಈಗ ಎಲ್ಲರೂ ಕಲಿಸುತ್ತಾರೆ. ಕಳಿಸಿಕೊಡುವುದೂ ನಮ್ಮದೇ ಕೆಲಸ, ಅದನ್ನು ಗಿರಾಕಿ ಕೇಳದಿದ್ದರೂ ಮಾಡಿ.

ಅದಾದ ಎಷ್ಟೋ ವರ್ಷಕ್ಕೆ, ನನ್ನ ತಲೆ ಪೂರಾ ಬೆಳ್ಳಗಾದ ಮೇಲೆ, ಹನ್ನೂರಿನ ಸಾಲೆಯ ಕಂಪ್ಯೂಟರ್ ನೋಡಲು ಹೋಗಿದ್ದೆ. ಕೆಲಸ ಮುಗಿಸಿ ಬಸ್ಸಿಗೆ ನಿಂತಾಗ ಗಂಗವ್ವ ಗುರುತು ಹಿಡಿದು ಚಹಾಕ್ಕೆ ಕರೆದೊಯ್ದಳು. ಅವಳೂ ಮುದುಕಿಯಾಗಿದ್ದಳು. ನಡುಮನೆಯ ಗೋಡೆಯ ಮೇಲೆ ಗಂಡನ ಕಡೆಯ ಹಿರಿಯರು ಕಣ್ಣು ಬಿಟ್ಟುಕೊಂಡು ಸಾಲಾಗಿದ್ದರು, ಎಲ್ಲರಿಗೂ ಹಾರ. ಕೊನೆಯಲ್ಲಿ ನಿಂಗವ್ವ, ಕಣ್ಣು ಮುಚ್ಚಿದ್ದಳು. ಕೆಳಗೆ ಇಬ್ಬರು ಮೊಮ್ಮಕ್ಕಳು ಗೋಲಿ ಆಡುತ್ತಿದ್ದರು, ಕಂಬಳಿ ಹಾಸಿಕೊಂಡು, ಗೋಲಿ ಸಪ್ಪಳವಾಗದ ಹಾಗೆ. ನಾನು ನನ್ನ ಮಗ್ಗದ ಓಣಿಯ ದನಿಯಲ್ಲಿ, "ಏನವ್ವ, ಮಳಿ ಬೆಳಿ ಹ್ಯಾಂಗ?" ಎಂದೆ.

ಇಬ್ಬರು ಮಕ್ಕಳೂ ತಲೆ ಎತ್ತಿ ನನ್ನನ್ನು ನೋಡಿದರು. ಗಂಗವ್ವ ತುಟಿಯ ಮೇಲೆ ಬೆರಳಿಟ್ಟು, ಗೋಡೆಯ ಕಡೆ ಕಣ್ಣು ತೋರಿಸಿದಳು.

ಮುಂದಿನ ಮಾತೆಲ್ಲ ಪಿಸುದನಿಯಲ್ಲೇ ಆಡಿದೆವು, ಮಳೆ, ತೊಗರಿ, ಮಾದೇವಪ್ಪನ ಮಂಡಿನೋವು. ಚಹಾ ಮುಗಿದ ಮೇಲೆ ನಾನು ಕಪ್-ಬಸಿಯನ್ನು ಸಪ್ಪಳವಾಗದಂತೆ ನೆಲಕ್ಕಿಟ್ಟು, ತುದಿಗಾಲಲ್ಲಿ ಹೊರಗೆ ಬಂದೆ.